ನೈರೋಬಿಯಲ್ಲಿ ಇಚಲಕರಂಜಿಯ ಐದೂವರೆ

ಪಾರೀಸಪ್ಪ ಮುರಗುಂಡೆಯವರು ಆಫ್ರಿಕಕ್ಕೆ ಬರಿಗಾಲಲ್ಲಿ ಹೋದರು. ಹರಕೆಯೇನೂ ಇರಲಿಲ್ಲ. ಇದೇ ಪ್ರವಾಸಕ್ಕೆಂದು ಕೊಲ್ಹಾಪುರದಲ್ಲಿ ಕೊಂಡ, ನಡೆದರೆ ಕರಕರ ಎಂದು ನಾಲ್ಕು ಮನೆಗೆ ಕೇಳಿಸುವ ಹೊಸ ಚಪ್ಪಲಿಯನ್ನು ಅವರು ಮುಂಬೈಯಲ್ಲಿ ಡಕೋಟಾ ವಿಮಾನದ ಏಣಿಯ ಬುಡದಲ್ಲಿ ಬಿಟ್ಟು ಒಳಗೆ ಹೋಗಿ ಕೂತಿದ್ದರು. ಎಸೆದು ಬಿಟ್ಟದ್ದೂ ಅಲ್ಲ. ಇಳಿದು ಬಂದಾಗ ಮೆಟ್ಟಲು ಅನುಕೂಲವಾಗಲೆಂದು ತುದಿ ಹೊರಗೆ ಮಾಡಿ, ಒಂದರ ಪಕ್ಕ ಒಂದು, ನೀಟಾಗಿ ಜೋಡಿಸಿ ಬಿಟ್ಟಿದ್ದರು.

ತಪ್ಪು ಕಾಲಿನದು, ತಲೆಯದಲ್ಲ. ಇಪ್ಪತ್ತೈದು ವರ್ಷ ಮಗ್ಗದ ಶೆಡ್ಡಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋದ ಕಾಲು. ಒಳಗೆ ಯಂತ್ರ ಗುಡುಗುತ್ತಿದೆ ಎಂದರೆ ಹೊಸ್ತಿಲಾಚೆ ಚಪ್ಪಲಿ ಕಳಚಬೇಕು ಎಂಬುದು ಅದಕ್ಕೆ ಯಾರನ್ನೂ ಕೇಳದೆ ಗೊತ್ತಿತ್ತು. ಏಣಿ ಎಳೆದುಕೊಂಡು ಹೋದ ಮೇಲೆ ಕಿಟಕಿಯಲ್ಲಿ ನೋಡುತ್ತಾರೆ, ಅಷ್ಟಗಲದ ಸಿಮೆಂಟಿನ ನೆಲದ ಮೇಲೆ ಎರಡೇ ಎರಡು ವಸ್ತು.

"ಏ, ನಿಲ್ಲಸ್ರಿ! ನಿಲ್ಲಸ್ರಿ! ನನ್ನ ಚಪ್ಪಲಿ!" ಎಂದು ಎದ್ದು ನಿಂತು ಛಾವಣಿ ಬಡಿದರು, ಊರ ಕಡೆ ಮುರಗೂಡದ ಸರ್ವಿಸ್ ಮೋಟಾರಿನಲ್ಲಿ ಬಡಿಯುವ ಹಾಗೆ.

ಗೋವೆಯ ಕಡೆಯ ಸ್ಟುವರ್ಡ ಓಡಿ ಬಂದು ಭುಜ ಒತ್ತಿ ಕೂರಿಸಿದ. "ಕಾಕಾ, ಹೀ ಮೋಟಾರ ನಾಹೀ. ಥಾಂಬತ ನಾಹೀ" ಎಂದು ಪಟ್ಟಿ ಬಿಗಿದ. ಇದು ಮೋಟಾರಲ್ಲ, ನಿಲ್ಲುವುದಿಲ್ಲ. ವಿಮಾನದ ತುಂಬ ನೈರೋಬಿಗೆ ಮರಳುತ್ತಿದ್ದ ಗುಜರಾತಿ ಮದುವೆ ದಿಬ್ಬಣ. ಹಿಂದಿನ ದಿನ ಬ್ಯಾಂಡಿನವರಿಗೆ ಕೊಟ್ಟು ಉಳಿದ ನಗುವನ್ನೆಲ್ಲ ಅವರು ಈಗ ಪಾರೀಸಪ್ಪನವರಿಗೆ ಕೊಟ್ಟರು. ಪಾರೀಸಪ್ಪ ಎರಡೂ ಪಾದ ಸೀಟಿನ ಕೆಳಗೆ ಎಳೆದುಕೊಂಡು, ಧೋತರದ ಅಂಚು ಅವುಗಳ ಮೇಲೆ ಹರಡಿ, ಮುಂದೆ ನೋಡುತ್ತ ಕೂತರು.

ಇದು ಒಂದು ಸಾವಿರದ ಒಂಬೈನೂರ ನಲವತ್ತೊಂಬತ್ತರ ಜನವರಿಯ ಮಾತು. ಆ ಕಾಲಕ್ಕೆ ನಮ್ಮ ಕಡೆ ವಿಮಾನ ಹತ್ತಿದವರೆಂದರೆ ಸಂಸ್ಥಾನಿಕರು, ಇಲ್ಲವೆ ದಂಡಿಗೆ ಹೋಗಿ ಬಂದವರು. ಪಾರೀಸಪ್ಪ ಎರಡೂ ಅಲ್ಲ. ಅವರು ಕೊಲ್ಹಾಪುರ ಕಡೆಯ ಮಗ್ಗದ ಊರು ಇಚಲಕರಂಜಿಯ ಶಹಾಪುರ ಭಾಗದಲ್ಲಿ ತಾತ್ಯಾಸಾಹೇಬ ಎಂಬವರ ಶೆಡ್ಡಿನ ಜಾಬರ. ಮಗ್ಗ ಕೂಡಿಸಿ, ಕೆಟ್ಟದ್ದನ್ನು ರಿಪೇರಿ ಮಾಡಿ, ನೇಕಾರರ ಮೇಲೆ ಕಣ್ಣಿಡುವ ಮೇಸ್ತ್ರಿಗೆ ಅಲ್ಲಿ ಜಾಬರ ಅನ್ನುತ್ತಾರೆ. ಹೆಸರಿಗೆ ಜಬರದಸ್ತು ಇದೆ, ಮನುಷ್ಯನಲ್ಲಿ ಇರಲಿಲ್ಲ. ಇನ್ನು ಸ್ವಂತದ ಹೆಸರು ಪಾರೀಸ, ಆದರೆ ಜೀವಮಾನವೆಲ್ಲ ಧ್ಯಾನಿಸಿದ್ದು ಆಫ್ರಿಕವನ್ನು. ಪ್ಯಾರಿಸ್ಸಿಗೆ ಹೊರಟಿದ್ದರೆ ಹೆಸರಿಗಾದರೂ ಹೊಂದುತ್ತಿತ್ತು.

ಈ ಹುಚ್ಚು ಹಚ್ಚಿದವನು ಗಡಹಿಂಗ್ಲಜದ ಬಾಳ್ಯಾ. ಇಬ್ಬರದೂ ಒಂದೇ ಓಣಿ, ಒಂದೇ ಶಾಲೆ, ಹಿರಣ್ಯಕೇಶಿ ಹೊಳೆಯಲ್ಲಿ ಒಂದೇ ಮಡು. ಬಾಳ್ಯಾ ಲಿಂಗಾಯತರ ಹುಡುಗ, ಪಾರೀಸ ಜೈನರವ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸಂಜೆಯಾಗುತ್ತಲೂ ಪಾರೀಸನ ತಾಯಿ ನಾಗೂಬಾಯಿ ಹೊಳೆದಂಡೆಗೆ ಬಂದು, "ಏ ಪಾರ್ಯಾ, ಏ ಬಾಳ್ಯಾ, ಹೊತ್ತ ಮುಳಗಾಕತ್ತೇತಿ, ಬರ್ರೋ!" ಎಂದು ಕೂಗುತ್ತಿದ್ದರು. ಬಾಳ್ಯಾ ಇವರ ಮನೆಯಲ್ಲಿ ಹೊತ್ತಿದ್ದಾಗ ಒಂದು ಊಟ ಮಾಡಿ, ತನ್ನ ಮನೆಗೆ ಹೋಗಿ ದೀಪ ಹಚ್ಚಿದ ಮೇಲೆ ಇನ್ನೊಂದು ಮಾಡುತ್ತಿದ್ದ. "ಒಂದ ಜಿನಪ್ಪಂದು, ಒಂದ ಬಸವಣ್ಣಂದು" ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದ.

ಮುಂದೆ ಬಾಳ್ಯಾ ದೂರದ ಸಂಬಂಧಿಕರೊಬ್ಬರ ಬೆನ್ನು ಹಿಡಿದು ಆಫ್ರಿಕಕ್ಕೆ ಹೊರಟ. ಕಳಿಸಲು ಪಾರೀಸ ಹಾತಕಣಂಗಲೆ ಸ್ಟೇಷನ್ನಿಗೆ ಹೋಗಿದ್ದ. ಗಾಡಿ ಅಲುಗಿದ ಮೇಲೆ ಬಾಳ್ಯಾ ಕಿಟಕಿಯಿಂದ ತಲೆ ಹಾಕಿ ಒದರಿದ: "ನಾ ಮೊದಲ ಹೋಗ್ತೇನಿ, ಬೇರ ಬಿಟ್ಟ ಕೂಡಲೆ ನಿನ್ನ ಕರಸ್ಕೋತೇನಿ! ಸಿಂಹಾ ತೋರಸ್ತೇನೋ ಪಾರ್ಯಾ! ಸರ್ಕಸ್ಸಿಂದಲ್ಲ, ಖರೇ ಸಿಂಹಾ!"

ಬೇರು ಬಿಡಲು ಬಾಳ್ಯಾನಿಗೆ ಇಪ್ಪತ್ತೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಪಾರೀಸ ಇಚಲಕರಂಜಿಗೆ ಬಂದು ಮಗ್ಗ ಕಲಿತು ಜಾಬರನಾಗಿ ಪಾರೀಸಪ್ಪನಾದ. ಬಾಳ್ಯಾ ನೈರೋಬಿಯಲ್ಲಿ ಬಟ್ಟೆಯ ಅಂಗಡಿ ಹಾಕಿ, ಒಂದಕ್ಕೆ ಎರಡಾಗಿ, ಬಾಳಾಸಾಹೇಬ ಹತ್ತರಕಿ ಆದ. ದೀಪಾವಳಿಗೊಂದು ಚಿತ್ರದ ಕಾರ್ಡು ಬರುತ್ತಿತ್ತು. ಒಂದು ವರ್ಷ ಜಿರಾಫೆ, ಒಂದು ವರ್ಷ ಆನೆ. ಪಾರೀಸಪ್ಪ ಅವನ್ನು ಶೆಡ್ಡಿನ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿ, "ನಾನೂ ಹೋಗಾಂವ ಅದೇನಿ" ಅನ್ನುತ್ತಿದ್ದರು. ಊರು ಅವರಿಗೆ 'ಆಫ್ರಿಕಾ ಪಾರೀಸ' ಎಂದು ಹೆಸರಿಟ್ಟು ಕೈ ತೊಳೆದುಕೊಂಡಿತು. ಅವರ ಕೈಕೆಳಗಿನ ನೇಕಾರ ಭೀಮಗೊಂಡ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ವಿಚಾರಿಸುತ್ತಿದ್ದ: "ಜಾಬರ ಸಾಹೇಬ್ರ, ನಿಮ್ಮ ಸಿಂಹಾ ಈಗ ಮುದ್ಯಾಗಿ ಹಲ್ಲ ಉದುರಿರಬೇಕಲ್ರಿ? ಲಗೂನ ಹೋಗ್ರಿ, ಇಲ್ಲಾಂದ್ರ ಅದನ್ನ ಎತ್ತಿ ಕೂಡಸಬೇಕಾದೀತು."

ಪಾರೀಸಪ್ಪನವರ ಹೆಂಡತಿ ರಾಜಮತಿ. ಮಕ್ಕಳಿರಲಿಲ್ಲ. ಶೆಡ್ಡಿನೊಳಗೆ ಬಿಸಿಲು ಬೀಳುವುದಿಲ್ಲ. ಹಗಲೂ ವಿದ್ಯುದ್ದೀಪ, ಗಾಳಿಯಲ್ಲಿ ಹತ್ತಿಯ ಧೂಳು. ಹೊತ್ತು ಮುಳುಗಿತೋ ಇಲ್ಲವೋ ಒಳಗಿದ್ದವರಿಗೆ ಗೊತ್ತಾಗುವಂತಿಲ್ಲ. ಅದಕ್ಕೆ ಗಂಡಹೆಂಡಿರು ಸೂರ್ಯನನ್ನು ಬಿಟ್ಟು ಗಡಿಯಾರವನ್ನು ನಂಬಿದರು. ಐದೂವರೆ ಎಂದರೆ ಐದೂವರೆ. ಮಳೆಗಾಲದಲ್ಲೂ ಅದೇ, ಚಳಿಗಾಲದಲ್ಲೂ ಅದೇ. ರಾಜಮತಿ ಡಬ್ಬಿ ಹಿಡಿದು ಬಂದು ಶೆಡ್ಡಿನ ಹಿಂದಿನ ಬೇವಿನ ಕೆಳಗೆ ಕೂರುವರು. ಪಾರೀಸಪ್ಪ ಕೋಟಿನ ಕಿಸೆಯಿಂದ ಗಡಿಯಾರ ತೆಗೆದು ನೋಡಿ ಹೊರಗೆ ಬರುವರು. ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುವರು. "ನಿಮ್ಮ ಸಿಂಹಕ್ಕ ಹೇಳಿಡ್ರಿ, ಐದೂವರಿ ಆದಮ್ಯಾಲ ಬಂದ್ರ ನಾ ಏನೂ ನೀಡಾಕಿ ಅಲ್ಲ" ಎಂದು ರಾಜಮತಿ ಚೇಷ್ಟೆ ಮಾಡುವರು.

ಎರಡು ವರ್ಷದ ಹಿಂದೆ ಜ್ವರ ಬಂದು ರಾಜಮತಿ ಹೋದರು. ಮಗ್ಗ ಬಿಟ್ಟರೆ ಪಾರೀಸಪ್ಪನವರ ಮಗ್ಗುಲಲ್ಲಿ ಯಾರೂ ಉಳಿಯಲಿಲ್ಲ. ಐದೂವರೆ ಉಳಿಯಿತು. ಡಬ್ಬಿಯನ್ನು ತಾವೇ ಕಟ್ಟಿಕೊಂಡು ಬಂದು, ಬೇವಿನ ಕೆಳಗೆ ಒಬ್ಬರೇ ಕೂತು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಉಣ್ಣುತ್ತಿದ್ದರು.

ಆಗ ನೈರೋಬಿಯಿಂದ ಕರೆ ಬಂತು. ಬಾಳಾಸಾಹೇಬರಿಗೆ ತಾವೇ ಬಟ್ಟೆ ನೇಯಿಸುವ ಮನಸ್ಸಾಗಿತ್ತು. ತಾತ್ಯಾಸಾಹೇಬರ ಶೆಡ್ಡಿನ ಎಂಟು ಹಳೆಯ ಮಗ್ಗ ಕೊಂಡರು. ಮಗ್ಗ ಬಿಚ್ಚಿ, ಪೆಟ್ಟಿಗೆಗೆ ತುಂಬಿ, ಹಡಗಿನಲ್ಲಿ ಹೋದವು. ಅಲ್ಲಿ ಕೂಡಿಸಲು ಬಲ್ಲವರಿಲ್ಲ. "ಪಾರೀಸನನ್ನು ಕೂಡಲೇ ವಿಮಾನದಲ್ಲಿ ಕಳಿಸಿ" ಎಂದು ತಾರು ಬಂತು.

"ನಿನ್ನ ಗೆಳ್ಯಾ ಕರದಾನ ನೋಡ್" ಎಂದರು ತಾತ್ಯಾಸಾಹೇಬರು.

ಭೀಮಗೊಂಡ ನೂಲಿನ ತುದಿ ನಾಲಿಗೆಗೆ ಹಚ್ಚಿ ಗಂಟು ಹಾಕುತ್ತ ಕೇಳಿದ: "ಕರದದ್ದ ಗೆಳ್ಯಾಗೋ, ಜಾಬರಗೋ?"

ಶೆಡ್ಡು ನಕ್ಕಿತು. ಪಾರೀಸಪ್ಪ ನಗಲಿಲ್ಲ. ಈ ಮಾತು ಹತ್ತಿಯ ಧೂಳಿನ ಹಾಗೆ ಅವರ ಮೂಗಿನಲ್ಲಿ ಕೂತುಬಿಟ್ಟಿತು. ಹೊರಡುವ ದಿನ ಭೀಮಗೊಂಡನ ಎದುರಿಗೆ ನಿಂತು ಹೇಳಿದರು: "ನಮ್ಮ ಊಟದ ಹೊತ್ತ ಬಾಳ್ಯಾಗ ಗೊತ್ತೈತಿ. ಹ್ವಾದ ದಿನಾನ ಇಬ್ಬರೂ ಕೂಡಿ ಉಣ್ತೇವಿ, ಹೊತ್ತ ಮುಳಗೂದ್ರೊಳಗ. ಬಂದಮ್ಯಾಲ ಕೇಳ್ ನನ್ನ."

ಬದುಕಿನಲ್ಲಿ ಪಾರೀಸಪ್ಪ ಯಾರಿಗಾದರೂ ಸವಾಲು ಹಾಕಿದ್ದು ಅದೊಂದೇ ಸಲ.

ವಿಮಾನದಲ್ಲಿ ಉಳಿದವರೆಲ್ಲ ಕಿವಿಗೆ ಅರಳೆ ತುರುಕಿಕೊಂಡು ಒದ್ದಾಡುತ್ತಿದ್ದರೆ ಪಾರೀಸಪ್ಪನವರಿಗೆ ಒಳ್ಳೆಯ ನಿದ್ದೆ ಬಂತು. ಎರಡು ಇಂಜಿನ್ನುಗಳ ಆರ್ಭಟ ಅವರಿಗೆ ಶೆಡ್ಡಿನ ಸಪ್ಪಳದ ಹಾಗೆ, ಸ್ವಲ್ಪ ಕಡಿಮೆಯೇ. ಕರಾಚಿಯಲ್ಲಿ ಇಂಜಿನ್ ನಿಂತಾಗ ಮಾತ್ರ ಗಾಬರಿಯಿಂದ ಎದ್ದು "ಯಾ ಮಗ್ಗಾ ನಿಂತ್ತೋ?" ಅಂದರು. ಪಕ್ಕದ ಸೀಟಿನಲ್ಲಿದ್ದ ಕಛ್ಛಿನ ಶೇಠಜಿ ಇವರನ್ನು ನೋಡಿ, ತಮ್ಮ ಚೀಲವನ್ನು ಆಚೆ ಬದಿಗೆ ಸರಿಸಿಕೊಂಡರು.

ಹಾರಾಟಕ್ಕಿಂತ ಆಹಾರದ್ದೇ ಅವರಿಗೆ ಚಿಂತೆ. ಸ್ಟುವರ್ಡ ತಂದ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಉರುಳಾಡುತ್ತಿತ್ತು. ಕೈ ಮುಗಿದು ವಾಪಸು ಕಳಿಸಿದರು. ನೀರು ಬಂದರೆ ಕಿಸೆಯಿಂದ ಬಿಳಿ ಅರಿವೆ ತೆಗೆದು, ತಂಬಿಗೆಯ ಬಾಯಿಗೆ ಕಟ್ಟಿ, ಸೋಸಿಕೊಂಡರು. ವಿಮಾನ ಗಾಳಿಯಲ್ಲಿ ಕುಪ್ಪಳಿಸಿದಾಗ ಅರ್ಧ ನೀರು ಶೇಠಜಿಯ ಪ್ಯಾಂಟಿಗೆ ಹೋಯಿತು. ಸೋಸಿದ ನೀರು, ಪ್ಯಾಂಟಿಗೆ ಅಪಾಯವಿಲ್ಲ ಎಂದು ಇವರು ಮುರುಕು ಹಿಂದಿಯಲ್ಲಿ ಸಮಾಧಾನ ಹೇಳಿದರು.

ಕರಾಚಿ ಬಿಟ್ಟ ಮೇಲೆ ಕೆಳಗೆ ಸಮುದ್ರ, ಒಂದು ಬದಿಗೆ ಅರಬಸ್ತಾನದ ಮರಳು. ಗಡಿಯಾರ ಐದು ದಾಟಿತು. ಪಾರೀಸಪ್ಪ ಚಡಪಡಿಸಿ, ಕಾಲಡಿಯ ಚೀಲ ಎಳೆದು, ಡಬ್ಬಿ ಬಿಚ್ಚಿ, ಚಪಾತಿ, ಶೇಂಗಾ ಹಿಂಡಿ ಚಟ್ನಿ ಅವಸರವಸರವಾಗಿ ತಿನ್ನತೊಡಗಿದರು. ಕಿಟಕಿಯಲ್ಲಿ ಸೂರ್ಯ ಕಣ್ಣು ಕುಕ್ಕುತ್ತಿದ್ದ.

"ಯಾಕೆ ಇಷ್ಟು ಗಡಿಬಿಡಿ?" ಎಂದರು ಶೇಠಜಿ.

"ಹೊತ್ತು ಮುಳುಗುತ್ತದೆ."

ಶೇಠಜಿ ಬಗ್ಗಿ ಸೂರ್ಯನನ್ನು ನೋಡಿದರು. ನೆಟ್ಟಗಾಗಿ ಪಾರೀಸಪ್ಪನವರನ್ನು ನೋಡಿದರು. ಅವರೂ ಜೈನರೇ, ರಾತ್ರಿ ಉಣ್ಣದವರೇ. ಆದರೆ ಪಡುವಣಕ್ಕೆ ಹಾರುವ ವಿಮಾನದಲ್ಲಿ ಹಗಲು ಉದ್ದವಾಗುತ್ತದೆ, ಸೂರ್ಯ ಇನ್ನೂ ಮೂರು ತಾಸು ಎಲ್ಲಿಗೂ ಹೋಗುವುದಿಲ್ಲ, ಸ್ಟುವರ್ಡ ಎಲ್ಲರಿಗೂ ಗಡಿಯಾರದ ಮುಳ್ಳು ಹಿಂದೆ ಸರಿಸಲು ಹೇಳಿದ್ದು ಅದಕ್ಕೇ ಎಂದು ಬಿಡಿಸಿ ಹೇಳಿದರು. ಪಾರೀಸಪ್ಪ ತುತ್ತು ನುಂಗಿ, "ಅದು ಇಲ್ಲಿಯ ಸೂರ್ಯ" ಎಂದರು. "ನಮ್ಮ ಊರಿನದು ಇಳಿಯುತ್ತಿದೆ." ಮುಳ್ಳು ಸರಿಸಲಿಲ್ಲ.

ಅರಬಸ್ತಾನದ ತುದಿಯ ಎಡನ್ನಿನಲ್ಲಿ ಕತ್ತಲಲ್ಲಿ ಇಳಿದರು. ಬರಿಗಾಲಾದ್ದರಿಂದ ಎಡನ್ನಿನಲ್ಲಿ ಎಡವಿದರು ಕೂಡ. ಮಲಗಲು ಕೊಟ್ಟ ಕೋಣೆ ನಿಶ್ಶಬ್ದವಾಗಿತ್ತು, ನಿದ್ದೆ ಹತ್ತಲಿಲ್ಲ. ಮರುದಿನ ಮತ್ತೆ ವಿಮಾನ. ಸುಮಾರು ಹೊತ್ತಾದ ಮೇಲೆ ಸ್ಟುವರ್ಡ ಬಂದು ಕೆಳಗೆ ಬೆರಳು ಮಾಡಿ "ಆಫ್ರಿಕಾ" ಅಂದ.

ಪಾರೀಸಪ್ಪ ಮೂಗನ್ನು ಗಾಜಿಗೆ ಒತ್ತಿದರು. ಇಪ್ಪತ್ತೈದು ವರ್ಷ ಗೋಡೆಯ ಮೇಲಿದ್ದದ್ದು ಈಗ ಕಾಲ ಕೆಳಗಿತ್ತು. ಕಂದು ಬಣ್ಣದ, ಇಸ್ತ್ರಿ ಮಾಡದ ಜಮಖಾನದಂಥ ನೆಲ. ಸಿಂಹ ಕಾಣಲಿಲ್ಲ, ಅಷ್ಟು ಎತ್ತರದಿಂದ ಆನೆಯೂ ಕಾಣುವುದಿಲ್ಲ ಎಂದು ಅವರಿಗೂ ತಿಳಿದಿತ್ತು, ಆದರೂ ಹುಡುಕಿದರು. "ನೋಡ್ ನೋಡ್, ಇಲ್ಲೆ..." ಎಂದು ಎಡಕ್ಕೆ, ಬೇವಿನ ಕೆಳಗೆ ರಾಜಮತಿ ಕೂರುತ್ತಿದ್ದ ಬದಿಗೆ, ತಿರುಗಿದರು. ಎಡಕ್ಕೆ ಶೇಠಜಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಪಾರೀಸಪ್ಪ ಮೆಲ್ಲಗೆ ಮತ್ತೆ ಕಿಟಕಿಯ ಕಡೆ ತಿರುಗಿದರು.

ನಮಗೆಲ್ಲ ಕಾನ್ವೆಂಟಿನಲ್ಲಿ ಸಿಸ್ಟರುಗಳು ಭೂಪಟಕ್ಕೆ ಕೋಲು ಹಚ್ಚಿ ಆಫ್ರಿಕವನ್ನು ಕಗ್ಗತ್ತಲೆಯ ಖಂಡ ಎಂದು ಕಲಿಸಿದ್ದರು. ಪಾರೀಸಪ್ಪ ಕಂಡ ಆಫ್ರಿಕದಲ್ಲಿ ಬೆಳಕೇ ಮುಗಿಯಲೊಲ್ಲದಾಗಿತ್ತು.

ನೈರೋಬಿಯಲ್ಲಿ ಇಳಿದಾಗ ಅಲ್ಲಿಯ ನಡುಮಧ್ಯಾಹ್ನ. ಬೇಲಿಯಾಚೆ ಕಂದು ಸೂಟು, ಹ್ಯಾಟು, ಹೊಟ್ಟೆಯ ಮೇಲೆ ಚಿನ್ನದ ಸರಪಳಿ ತೊಟ್ಟ ಗೃಹಸ್ಥರೊಬ್ಬರು ನಿಂತಿದ್ದರು. ಹ್ಯಾಟಿನ ಕೆಳಗೆ ಬಾಳ್ಯಾನ ಕಿವಿ ಇದ್ದವು. ಅವು ಮಾತ್ರ ದೊಡ್ಡವಾಗಿರಲಿಲ್ಲ. ಪಾರೀಸಪ್ಪ ಇಪ್ಪತ್ತೈದು ವರ್ಷ ಒಂದು ವಾಕ್ಯ ತಯಾರು ಮಾಡಿ ಇಟ್ಟುಕೊಂಡಿದ್ದರು: 'ಏ ಬಾಳ್ಯಾ, ಎಲ್ಲೈತೋ ನಿನ್ನ ಸಿಂಹಾ?' ಅದು ಬಾಯಿಗೆ ಬರುವ ಮೊದಲು ಬಾಳಾಸಾಹೇಬರ ಕಣ್ಣು ಕೆಳಗೆ ಹೋಯಿತು.

"ಪಾರೀಸ, ಚಪ್ಪಲಿ ಎಲ್ಲಿ?"

"ಮುಂಬೈದಾಗ."

"ಮುಂಬೈದಾಗ ಬಿಟ್ಟು ಬಂದಿ?" ಬಾಳಾಸಾಹೇಬರು ಆಚೀಚೆ ನೋಡಿ ದನಿ ಇಳಿಸಿದರು. ಮದುವೆ ದಿಬ್ಬಣದವರೆಲ್ಲ ಅವರ ಪರಿಚಯದವರೇ, ಗಿರಾಕಿಗಳೇ. "ಇಲ್ಲಿ ನಮಗ ಒಂದು ಮಾನ ಮರ್ಯಾದಿ ಐತಪಾ. ಬರಿಗಾಲಲೇ ಬಂದ್ರ ಮಂದಿ ಏನಂತಾರ?"

ಬಾಳಾಸಾಹೇಬರು ಮೋಟಾರಿನ ಹಿಂದಿನಿಂದ ಮಳೆಗಾಲದ ರಬ್ಬರ್ ಬೂಟು ತೆಗೆಸಿ ಕೊಟ್ಟರು. ಎರಡು ಅಳತೆ ದೊಡ್ಡವು. ಪಾರೀಸಪ್ಪ ಧೋತರದ ಕೆಳಗೆ ಅವನ್ನು ಏರಿಸಿ ಢಬಕ್ ಢಬಕ್ ಎಂದು ನಡೆದರು. ಬೂಟು ಬಂತು, ಬೂಟಾಟಿಕೆ ಬರಲಿಲ್ಲ. ಏನಾದರೂ ಮಾತಾಡಬೇಕು ಅನಿಸಿತು. ಬಾಯಿಂದ ಹೊರಟದ್ದು, "ಮಗ್ಗಾ ಸುರಳೀತ ಮುಟ್ಟಿದಾವೇನ್ರಿ?"

ಆ 'ರೀ' ಎಲ್ಲಿಂದ ಬಂತೋ ಅವರಿಗೇ ತಿಳಿಯಲಿಲ್ಲ. ಬಾಳಾಸಾಹೇಬರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ, ಅಥವಾ ಕೇಳಿಸಿ ಸರಿಯಾಗಿದೆ ಅನಿಸಿರಬೇಕು.

ಮೋಟಾರು ಮನೆಗೆ ಹೋಗಲಿಲ್ಲ, ನೇರ ಗೋದಾಮಿಗೆ ಹೋಯಿತು. ಪೆಟ್ಟಿಗೆಗಳು ಸಾಲಾಗಿ ಇದ್ದವು. ಒಂದರ ಹಲಗೆ ಕಿತ್ತಾಗ ಒಳಗಿನ ಚೌಕಟ್ಟಿನ ಸಂದಿಯಲ್ಲಿ ಇನ್ನೂ ಶಹಾಪುರದ ಹತ್ತಿ ಅಂಟಿಕೊಂಡಿತ್ತು. ಪಾರೀಸಪ್ಪ ಅದನ್ನು ಉಗುರಿನಿಂದ ಬಿಡಿಸಿ, ಉಂಡೆ ಮಾಡಿ, ಬಿಸಾಡದೆ ಕಿಸೆಗೆ ಹಾಕಿಕೊಂಡರು. ಆಫ್ರಿಕದಲ್ಲಿ ಇಲ್ಲಿಯವರೆಗೆ ಅವರನ್ನು 'ಬಾ' ಎಂದದ್ದು ಅದೊಂದೇ.

"ಎಷ್ಟ ದಿನಾ ಹಿಡೀತೈತಿ?" ಎಂದರು ಬಾಳಾಸಾಹೇಬರು.

"ತಿಂಗಳೊಪ್ಪತ್ತು. ಮಂದಿಗೆ ಕಲಸೂದ ಬ್ಯಾರೆ."

"ಛಲೋ ಆತು. ಮನಿಗೆ ನಡಿ. ರಾತ್ರಿ ನಿನ್ನ ಸಲವಾಗಿ ದೊಡ್ಡ ಊಟಾ ಇಟ್ಟೇನಿ. ಎಂಟಕ್ಕ. ನಾಕ ಮಂದಿ ದೊಡ್ಡವರು ಬರ್ತಾರ."

ಪಾರೀಸಪ್ಪ ಅವರ ಮುಖ ನೋಡಿದರು. ಚೇಷ್ಟೆ ಇರಬಹುದು ಎಂದುಕೊಂಡರು. ಬಾಳ್ಯಾ ಮೊದಲಿನಿಂದಲೂ ಚೇಷ್ಟೆಗಾರ.

ಬಾಳಾಸಾಹೇಬರು ಅವರನ್ನು ಮನೆಯ ಮುಂದೆ ಇಳಿಸಿ ಅಂಗಡಿಗೆ ಹೋದರು. ಬಾಗಿಲು ತೆರೆದವರು ಅವರ ಹೆಂಡತಿ ಕಲ್ಲವ್ವ. ತವರು ಮುರಗೂಡ. ಇಳಕಲ್ ಸೀರೆಯ ಮೇಲೆ ಉಣ್ಣೆಯ ಸ್ವೆಟರು. ಪಾರೀಸಪ್ಪ ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು: "ಬರ್ರಿ ಬರ್ರಿ, ಅಣ್ಣಾರ. ಮುರಗೂಡ ಮ್ಯಾಲಿಂದ ಬಂದ್ರೇನ್ರಿ? ಸೋಮವಾರ ಸಂತಿ ಹಂಗ ಕೂಡ್ತೈತೇನ್ರಿ? ಮಾತಾಡ್ರಿ, ಏನರೆ ಮಾತಾಡ್ರಿ. ಕನ್ನಡಾ ಕೇಳಿ ಯಾವ ಕಾಲ ಆತೋ. ಇವರು ಮನ್ಯಾಗೂ ಹಿಂದೀನ ಮಾತಾಡ್ತಾರ."

ಪಾರೀಸಪ್ಪ ಗಡಿಯಾರ ತೆಗೆದು ನೋಡಿದರು. ಐದೂವರೆಗೆ ಸ್ವಲ್ಪವೇ ಇತ್ತು.

"ಅಕ್ಕಾರ, ನಾಚಿಕಿ ಬಿಟ್ಟ ಕೇಳ್ತೇನಿ. ಒಂಚೂರು ಊಟಾ ಸಿಗತೈತೇನ್ರಿ? ಹೊತ್ತ ಮುಳುಗೂದ್ರೊಳಗ."

ಕಲ್ಲವ್ವ ಕಿಟಕಿಯ ಹೊರಗೆ ನೋಡಿದರು. ಅಂಗಳದಲ್ಲಿ ಬಿಸಿಲು ಬಿದ್ದು ನೆರೆಮನೆಯ ಕೋಳಿಗಳು ನೆರಳು ಹುಡುಕುತ್ತಿದ್ದವು. ಅಲ್ಲಿ ಇನ್ನೂ ಮೂರೂ ಹೊಡೆದಿರಲಿಲ್ಲ. ಆದರೂ ಅವರು ಒಳಗೆ ಹೋಗಿ, ಮೆಕ್ಕೆಜೋಳದ ಎರಡು ಭಕ್ರಿ ಬಡಿದು, ಬದನೆಕಾಯಿ ಪಲ್ಯ ಹಾಕಿ ತಂದಿಟ್ಟರು. ಪಾರೀಸಪ್ಪ ಗಡಿಯಾರವನ್ನು ತಟ್ಟೆಯ ಎದುರಿಗೆ ಇಟ್ಟುಕೊಂಡು, ತಲೆ ಬಗ್ಗಿಸಿ, ಸುಡುಬಿಸಿಲಲ್ಲಿ ರಾತ್ರಿಯ ಊಟ ಮಾಡಿದರು.

"ಇಲ್ಲಿ ಹೊತ್ತ ಆರೂವರೀ ತನಕಾ ಇರ್ತೈತ್ರಿ" ಎಂದರು ಕಲ್ಲವ್ವ, ತಟ್ಟೆಗೆ ಇನ್ನಷ್ಟು ಪಲ್ಯ ಹಾಕುತ್ತ.

"ಅದು ಇಲ್ಲೀದ್ರಿ. ನಮ್ಮ ಕಡೆ ಇಳ್ಯಾಕತ್ತೇತಿ."

"ಮನ್ಯಾಗ ಯಾರ್ಯಾರ ಅದಾರ್ರಿ?"

"ಯಾರೂ ಇಲ್ರಿ."

ಕಲ್ಲವ್ವ ಗಡಿಯಾರವನ್ನು ನೋಡಿದರು. "ಮತ್ತ ಇದನ್ನ ಯಾರ ಸಲವಾಗಿ ಹಿಂಗ ಇಟ್ಟೀರಿ?"

"ರೂಢಿ ಬಿದ್ದೇತ್ರಿ" ಎಂದು ಪಾರೀಸಪ್ಪ ಗಡಿಯಾರವನ್ನು ಕಿಸೆಗೆ ಇಳಿಸಿದರು.

ಕಲ್ಲವ್ವನಿಗೆ ಏನೋ ಹೊಳೆಯಿತು. "ಅಯ್ಯ, ನೀವು ಜೈನರಲ್ರಿ! ಎಂಟಕ್ಕ ಊಟಾ ಹ್ಯಾಂಗ ಮಾಡ್ತೀರಿ? ನಾ ಅವರಿಗೆ ಹೇಳಿ ಕಳಸಲೇನ್ರಿ? ಆರಕ್ಕ ಮಾಡೂಣು."

"ಬ್ಯಾಡ್ರಿ" ಎಂದರು ಪಾರೀಸಪ್ಪ, ಬೇಗನೆ. "ಅವಗ ಗೊತ್ತೈತಿ."

ಊಟವಾಗಿ ಹೋಗಿತ್ತು, ಅವರ ಲೆಕ್ಕಕ್ಕೆ ಹೊತ್ತೂ ಮುಳುಗಿತ್ತು. ಆದರೆ ಬಾಳ್ಯಾ ನೆನಪಿಟ್ಟು ಬಂದು 'ನಡಿ, ಹೊತ್ತಿದ್ದಾಗ ಉಣ್ಣೂಣು' ಅಂದರೆ ಗಡಿಯಾರದ ಮುಳ್ಳನ್ನು ಆ ಒಂದು ದಿನದ ಮಟ್ಟಿಗೆ ಹಿಂದೆ ಸರಿಸುವುದೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡರು. ಅಂಗಳದ ಕಟ್ಟೆಯ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತರು. ಬಿಸಿಲು ಗೋಡೆ ಹತ್ತಿತು, ಛಾವಣಿ ಹತ್ತಿತು. ತಂಪು ಗಾಳಿ ಬಿಟ್ಟಿತು. ಆರಾಯಿತು. ನಿಜವಾದ ಸೂರ್ಯನೂ ತನ್ನ ಹೊತ್ತಿಗೆ ಸರಿಯಾಗಿ ಮುಳುಗಿದ. ಬಾಳಾಸಾಹೇಬರ ಮೋಟಾರು ಬಂದದ್ದು ಅದಾದ ಮೇಲೆ, ಅತಿಥಿಗಳನ್ನು ತುಂಬಿಕೊಂಡು.

ಎಂಟಕ್ಕೆ ಮೇಜು ತುಂಬಿತು. ಪೂರಿ, ಬಾಸುಂದಿ, ಮಸಾಲೆ ಭಾತ, ಊರಿನ ಯಾವ ಮದುವೆಗೂ ಕಡಿಮೆ ಇಲ್ಲ. ನಾಲ್ವರು ವ್ಯಾಪಾರಿಗಳಿಗೆ ಬಾಳಾಸಾಹೇಬರು ಹಿಂದಿಯಲ್ಲಿ ಪರಿಚಯ ಮಾಡಿಕೊಟ್ಟರು: "ಇವರು ನಮ್ಮ ಜಾಬರ. ಇಚಲಕರಂಜಿಯಿಂದ ತರಿಸಿದ್ದೇನೆ."

ಮಗ್ಗವನ್ನೂ ತರಿಸಿದ್ದರು, ಕ್ರಿಯಾಪದ ಒಂದೇ.

ಪಾರೀಸಪ್ಪ ಕೈ ಮುಗಿದು ಕೂತರು. ತಟ್ಟೆಯನ್ನು ಮುಟ್ಟಲಿಲ್ಲ. ನೀರನ್ನೂ ಮುಟ್ಟಲಿಲ್ಲ. ಒಬ್ಬ ವ್ಯಾಪಾರಿ ಕೇಳಿದಾಗ ಬಾಳಾಸಾಹೇಬರು, "ವಿಮಾನದಲ್ಲಿ ಹೊಟ್ಟೆ ಕೆಟ್ಟಿರಬೇಕು, ಅಭ್ಯಾಸವಿಲ್ಲ" ಎಂದು ತಾವೇ ಉತ್ತರ ಕೊಟ್ಟರು.

ಬಾಸುಂದಿಯ ಎರಡನೆಯ ಬಟ್ಟಲಿಗೆ ಬಾಳಾಸಾಹೇಬರು ಹದಕ್ಕೆ ಬಂದರು. ಹಳೆಯ ಮಾತು ತೆಗೆದರು. ತಾವು ಹುಡುಗರಿದ್ದಾಗ ಎಂಥ ಹೊಟ್ಟೆಬಾಕರು ಎಂದು ಕತೆ ಹೇಳಿದರು. ಊರಿನಲ್ಲಿ ಒಬ್ಬ ಜೈನರ ದೋಸ್ತ್ ಇದ್ದ. ಅವನ ತಾಯಿ ಹೊಳೆದಂಡೆಗೆ ಬಂದು, ಹೊತ್ತು ಮುಳುಗುವ ಮೊದಲೇ ಬನ್ನಿ ಎಂದು ಕರೆಯುತ್ತಿದ್ದಳು. ಅಲ್ಲೊಂದು ಊಟ, ಕತ್ತಲಾದ ಮೇಲೆ ನಮ್ಮ ಮನೆಯಲ್ಲೊಂದು ಊಟ. ನಾಗೂಬಾಯಿಯ ಕೂಗನ್ನು ಹಾಗೆಹಾಗೇ ಅಣಕ ಮಾಡಿ ತೋರಿಸಿದರು. ರಾಗ ಸರಿಯಾಗಿತ್ತು, 'ಬರ್ರೋ' ಎಳೆಯುವುದೂ ಸರಿಯಾಗಿತ್ತು. 'ಪಾರ್ಯಾ' ಎಂಬ ಹೆಸರು ಮಾತ್ರ ಬಿಟ್ಟುಹೋಗಿತ್ತು. ವ್ಯಾಪಾರಿಗಳು ಮೇಜು ಬಡಿದು ನಕ್ಕರು.

"ಆ ದೋಸ್ತ್ ಈಗ ಎಲ್ಲಿದ್ದಾನೆ?" ಎಂದು ಒಬ್ಬರು ಕೇಳಿದರು.

ಬಾಳಾಸಾಹೇಬರ ಕೈಯಲ್ಲಿನ ಪೂರಿ ನಡುದಾರಿಯಲ್ಲಿ ನಿಂತಿತು. ಅವರು ಮೇಜಿನ ಆ ತುದಿಗೆ ನೋಡಿದರು. ಅಲ್ಲಿ ಖಾಲಿ ತಟ್ಟೆ ಇತ್ತು, ತಟ್ಟೆಯ ಹಿಂದೆ ಪಾರೀಸಪ್ಪ ಇದ್ದರು, ಮೇಜಿನ ಕೆಳಗೆ ಎರಡು ಅಳತೆ ದೊಡ್ಡದಾದ ಬೂಟುಗಳಿದ್ದವು. ಅಡಿಗೆಮನೆಯ ಬಾಗಿಲಲ್ಲಿ ಕಲ್ಲವ್ವ ಹುಟ್ಟು ಹಿಡಿದು ನಿಂತಿದ್ದರು.

"ಊರಲ್ಲೇ ಇದ್ದಾನೆ" ಎಂದು ಬಾಳಾಸಾಹೇಬರು ಪೂರಿಯನ್ನು ಬಾಯಿಗೆ ಹಾಕಿಕೊಂಡರು.

ಕಲ್ಲವ್ವ ಒಳಗೆ ಹೋದರು. ಬಾಳಾಸಾಹೇಬರು ಹೇಳಿದ್ದು ಪೂರ್ತಿ ಸುಳ್ಳು ಎನ್ನಲೂ ಬರುವುದಿಲ್ಲ. ಪಾರೀಸಪ್ಪನವರ ಕಿಸೆಯಲ್ಲಿ ಇನ್ನೂ ಊರಿನ ಹೊತ್ತೇ ನಡೆದಿತ್ತು, ಮತ್ತು ಅಲ್ಲಿ ಈಗ ಓಣಿಯೆಲ್ಲ ಮಲಗಿತ್ತು.

ಅತಿಥಿಗಳು ಎದ್ದ ಮೇಲೆ ಬಾಳಾಸಾಹೇಬರು ಬೆನ್ನು ತಟ್ಟಿ, "ರವಿವಾರ ಸಿಂಹಾ ನೋಡಾಕ ಹೋಗೂಣಂತ, ಊರ ಹೊರಗ ಅದಾವ" ಎಂದರು. ಆ ರವಿವಾರ ಅಂಗಡಿಯ ಸರಕು ಬಂತು. ಮುಂದಿನ ರವಿವಾರ ಯಾರದೋ ಮದುವೆ. ಆಮೇಲೆ ಇಬ್ಬರೂ ಆ ಮಾತು ತೆಗೆಯಲಿಲ್ಲ. ಸಿಂಹಗಳಿದ್ದ ಕಾಡು ಮೋಟಾರಿನಲ್ಲಿ ಅರ್ಧ ತಾಸಿನ ಹಾದಿ. ಊರಿಗೆ ಬಂದ ಬಿಳಿಯರೆಲ್ಲ ನೋಡಿ ಬರುತ್ತಿದ್ದರು.

ಮಗ್ಗಗಳು ಕೂಡಿದವು, ಸದ್ದು ಮಾಡಿದವು. ಪಾರೀಸಪ್ಪ ಆ ಸದ್ದಿನ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡರು. ದಿನಾ ಮಧ್ಯಾಹ್ನ, ಅಲ್ಲಿಯ ಮೂರಕ್ಕೆ ಇನ್ನೂ ಸ್ವಲ್ಪ ಇರುವಾಗ, ಕಲ್ಲವ್ವ ಡಬ್ಬಿ ತಂದು ಬಾಗಿಲ ಹತ್ತಿರ ಕೂತು ಮುರಗೂಡದ ಸಂತೆಯ ಸುದ್ದಿ ಕೇಳುತ್ತಿದ್ದರು. ಪಾರೀಸಪ್ಪನವರಿಗೆ ಗೊತ್ತಿದ್ದದ್ದು ಮೊದಲ ವಾರದಲ್ಲೇ ಮುಗಿದಿತ್ತು. ಆಮೇಲೆ ಕಟ್ಟಿ ಹೇಳುತ್ತಿದ್ದರು. ಕಲ್ಲವ್ವನಿಗೂ ಅದು ಗೊತ್ತಿತ್ತು.

ಮಂದಿಗೆ ಮಗ್ಗ ಕಲಿಸಿ ಮುಗಿಸುವಷ್ಟರಲ್ಲಿ ಹೊತ್ತು ಹಿಡಿದು, ಆರನೆಯ ತಿಂಗಳಿಗೆ ಹಡಗಿನಲ್ಲಿ ಮರಳಿದರು. ಹಾತಕಣಂಗಲೆಯಲ್ಲಿ ಇಳಿದಾಗ ಕಿಸೆಯ ಗಡಿಯಾರವೂ ಸ್ಟೇಷನ್ನಿನ ಗಡಿಯಾರವೂ ಒಂದೇ ತೋರಿಸಿದವು. ಇವರು ಎಲ್ಲಿಗೂ ಹೋಗಿಯೇ ಇರಲಿಲ್ಲವೋ ಎಂಬ ಹಾಗೆ. ಮರುದಿನ ಶೆಡ್ಡಿನ ಹೊರಗೆ ಹೊಸ ಚಪ್ಪಲಿ ಬಿಟ್ಟು ಒಳಗೆ ಬಂದರು. ಐದೂವರೆಗೆ ಬೇವಿನ ಕೆಳಗೆ ಕೂತು ಡಬ್ಬಿ ಬಿಚ್ಚಿದಾಗ ಮಗ್ಗ ನಿಲ್ಲಿಸಿ ನಾಲ್ಕು ಮಂದಿ ಬಂದು ಸುತ್ತ ಕೂತರು. ಭೀಮಗೊಂಡ ಎಲ್ಲರಿಗಿಂತ ಮುಂದೆ. ಅವನು ಪಾರೀಸಪ್ಪನವರ ಮುಖ ನೋಡಿದ, ಡಬ್ಬಿ ನೋಡಿದ. ಆ ಸವಾಲಿನ ಮಾತು ಕೇಳಬೇಕೆಂದೇ ಬಂದವನು ಅದೇಕೋ ಅದನ್ನು ನುಂಗಿ, ಬೇರೆಯದನ್ನು ಕೇಳಿದ.

"ಜಾಬರ ಸಾಹೇಬ್ರ, ಖರೇ ಹೇಳ್ರಿ. ಸಿಂಹಾ ನೋಡಿದ್ರೋ ಇಲ್ಲೋ?"

ಪಾರೀಸಪ್ಪ ಭಕ್ರಿ ಮುರಿದರು.

"ಇಲ್ಲೋ. ಅದು ರಾತ್ರಿ ಉಣ್ತೈತಂತ. ನಮ್ಮದೂ ಅದರದೂ ಹೊತ್ತ ಕೂಡಲಿಲ್ಲ."